ಊರಿಗೆ ಊರೇ ಅಂಗಡಿ ಇಟ್ಟಾಗ

ಚಳಿಗೆ ಕಾಲು ಮರಗಟ್ಟುತ್ತಿತ್ತು. ಊರಿಂದ ತಂದಿದ್ದ ಕಾಲುಚೀಲ ಸಾಲದೆಂದು ಮಗಳ ಜತೆ ಅಂಗಡಿಗೆ ಹೊರಟೆ. ಮೊಮ್ಮಗಳೂ ಬಂದಳು.

"ಅಜ್ಜಾ, ಮುಂಚೆ ಇಲ್ಲಿಯವರು ಕಾಲುಚೀಲ ತರೋಕೆ 80 ಕಿಲೋಮೀಟರ್ ಹೋಗಬೇಕಿತ್ತಂತೆ!"

ತಮಾಷೆ ಎಂದುಕೊಂಡೆ. ನಿಜವೇ ಆಗಿತ್ತು.

ಇದು ನ್ಯೂಯಾರ್ಕಿನ ಕಥೆ. ಮುಗಿಲು ಮುಟ್ಟುವ ಕಟ್ಟಡಗಳ ನಗರದ್ದಲ್ಲ ಮಕ್ಕಳೇ. ಅದೇ ಹೆಸರಿನ ರಾಜ್ಯದ ಉತ್ತರದಲ್ಲಿ, ಅಡಿರಾಂಡ್ಯಾಕ್ ಬೆಟ್ಟಗಳ ನಡುವೆ ಇರುವ ಸರನ್ಯಾಕ್ ಲೇಕ್ ಎಂಬ ಪುಟ್ಟ ಊರಿನದು. ಜನ 5,000ದ ಆಸುಪಾಸು. ಊರಿನ ಹೆಚ್ಚಿನ ಭಾಗ ಫ್ರಾಂಕ್ಲಿನ್ ಕೌಂಟಿಗೆ ಸೇರಿದೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಆದರೆ ಇಡೀ ಕೌಂಟಿಯಲ್ಲಿ ಇರುವುದೇ ಸುಮಾರು 50,000 ಜನ. ನಮ್ಮ ಅನೇಕ ತಾಲ್ಲೂಕುಗಳಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ.

ಬಟ್ಟೆಬರೆಗೆ ಊರವರು ನೆಚ್ಚಿಕೊಂಡಿದ್ದು ಏಮ್ಸ್ ಎಂಬ ಸರಣಿ ಅಂಗಡಿಯನ್ನು. ಸರಣಿ ಎಂದರೆ ಕಂಪನಿ ಒಂದೇ, ಹೆಸರು ಒಂದೇ, ಅಂಗಡಿ ಮಾತ್ರ ನೂರಾರು ಊರುಗಳಲ್ಲಿ. 2002ರಲ್ಲಿ ಆ ಕಂಪನಿ ದಿವಾಳಿಯಾಗಿ ಎಲ್ಲ ಊರುಗಳ ಅಂಗಡಿಗೂ ಬೀಗ ಬಿತ್ತು. ಈ ಊರಲ್ಲಿ ವ್ಯಾಪಾರ ಹೇಗಿತ್ತು ಎಂದು ಕೇಳುವವರೇ ಇರಲಿಲ್ಲ. ಆಮೇಲೆ ಒಳಉಡುಪಿಗೂ ಪ್ಲಾಟ್ಸ್‌ಬರ್ಗ್ ಪಟ್ಟಣಕ್ಕೆ ಓಡಬೇಕಾಯಿತು.

ಮುಂದೆ ವಾಲ್‌ಮಾರ್ಟ್ ಬರುತ್ತದೆಂಬ ಸುದ್ದಿ ಎದ್ದಾಗ ಊರು ಎರಡು ಪಾಲಾಯಿತು. ಅಗ್ಗದಲ್ಲಿ ಸಿಕ್ಕರೆ ಯಾರಿಗೆ ಬೇಡ ಎಂದರು ಕೆಲವರು. ಆ ದೈತ್ಯ ಬಂದರೆ ಮೇನ್ ಸ್ಟ್ರೀಟಿನ ಚಿಕ್ಕ ಅಂಗಡಿಗಳು ಉಳಿಯುವುದಿಲ್ಲ ಎಂದರು ಮತ್ತೆ ಕೆಲವರು. ನನ್ನನ್ನು ಕೇಳಿದರೆ ಇಬ್ಬರದೂ ಸರಿಯೇ. ಕೊನೆಗೆ ವಾಲ್‌ಮಾರ್ಟ್ ಬರಲಿಲ್ಲ, ಕಾಲುಚೀಲವೂ ಬರಲಿಲ್ಲ!

ಆಗ ಹೊಳೆದದ್ದು, ನಾವೇ ಯಾಕೆ ಅಂಗಡಿ ಇಡಬಾರದು ಎಂದು. ವಯೋಮಿಂಗ್ ರಾಜ್ಯದ ಪೊವೆಲ್ ಎಂಬ ಊರವರು ಹಾಗೆ ಮಾಡಿದ್ದರು. ಇಲ್ಲಿ ಒಂದು ಷೇರಿಗೆ 100 ಡಾಲರ್ ಎಂದು ಗೊತ್ತುಮಾಡಿದರು. ನಮ್ಮ ಸಹಕಾರ ಸಂಘದ ಷೇರು ನೆನಪಾಯಿತೇ ಅಜ್ಜಂದಿರೇ? ಕೊಳ್ಳುವವರು ನ್ಯೂಯಾರ್ಕ್ ರಾಜ್ಯದವರೇ ಆಗಿರಬೇಕಿತ್ತು. ಹಣ ಕೂಡಲು ವರ್ಷಗಳೇ ಹಿಡಿದವು. ನಡುವೆ 2008ರ ಆರ್ಥಿಕ ಕುಸಿತ ಬೇರೆ. ಆದರೂ 600ಕ್ಕೂ ಹೆಚ್ಚು ಮಂದಿ ಸೇರಿ 5 ಲಕ್ಷ ಡಾಲರ್ ಕೂಡಿಸಿ, 2011ರ ಅಕ್ಟೋಬರಿನಲ್ಲಿ ಬಾಗಿಲು ತೆರೆದರು.

ನಾನು ಕಂಡ ಅಂಗಡಿ ದೊಡ್ಡದೇನಲ್ಲ. ಬಟ್ಟೆ, ಹೊದಿಕೆ, ಆಟಿಕೆ, ಹೆಣೆಯುವ ಉಣ್ಣೆಯ ನೂಲು. ಉಣ್ಣೆಯ ಕಾಲುಚೀಲದ ಬೆಲೆ ನೋಡಿ ಮನಸ್ಸಲ್ಲೇ ರೂಪಾಯಿಗೆ ಲೆಕ್ಕ ಹಾಕಿ ಬೆಚ್ಚಿದೆ. "ಆನ್‌ಲೈನ್‌ನಲ್ಲಿ ಇನ್ನೂ ಕಡಿಮೆಗೆ ಸಿಗುತ್ತಪ್ಪ" ಎಂದಳು ಮಗಳು. ಅಪಾಯ ಇರುವುದೇ ಅಲ್ಲಿ. ಷೇರು ಕೊಂಡವರು ಸಾಮಾನನ್ನೂ ಅಲ್ಲೇ ಕೊಳ್ಳಬೇಕಲ್ಲ? ದಾರಿ ತೋರಿಸಿದ ಪೊವೆಲ್‌ನ ಅಂಗಡಿ ಹತ್ತು ವರ್ಷಕ್ಕೂ ಹೆಚ್ಚು ನಡೆದು, ಮುಚ್ಚಿಹೋಯಿತು.

ನಮ್ಮ ಬೀದಿಯ ಮೂಲೆಯಲ್ಲೂ ಒಂದು ಕಿರಾಣಿ ಅಂಗಡಿ ಇತ್ತು. ತಿಂಗಳ ಕೊನೆಯಲ್ಲಿ ನನಗೆ ಎಷ್ಟೋ ಸಲ ಉದ್ದರಿ ಕೊಟ್ಟ ಅಂಗಡಿ. ಫೋನಿನಲ್ಲಿ ಸಾಮಾನು ತರಿಸುವುದನ್ನು ಕಲಿತ ಮೇಲೆ ನಾನು ಅಲ್ಲಿಗೆ ಹೋದದ್ದು ಬೆಂಕಿಪೊಟ್ಟಣಕ್ಕೆ, ಕೊತ್ತಂಬರಿಸೊಪ್ಪಿಗೆ ಮಾತ್ರ. ಕಳೆದ ವರ್ಷ ಅದು ಮುಚ್ಚಿತು. ಇದನ್ನು ಮೊಮ್ಮಗಳಿಗೆ ಹೇಳಿದೆ.

"ನೀವೂ ಷೇರು ಹಾಕಬಹುದಿತ್ತಲ್ಲ ಅಜ್ಜಾ?" ಎಂದಳು.

ಎರಡು ಜೊತೆ ಕಾಲುಚೀಲ ಕೊಂಡು ಹೊರಬಂದೆವು.