ನಿಮಗಿದು ಗೊತ್ತೆ? ಬೀಳುತ್ತ ಕಲಿಯುವ ನಡಿಗೆ
ನಡಿಗೆ ಕಲಿಯುತ್ತಿರುವ 12ರಿಂದ 19 ತಿಂಗಳ ಶಿಶುಗಳು ಸ್ವಚ್ಛಂದವಾಗಿ ಆಡುವಾಗ, ಒಂದು ಗಂಟೆಯಲ್ಲಿ ಸರಾಸರಿ 2,368 ಹೆಜ್ಜೆಗಳನ್ನಿಟ್ಟು 17 ಬಾರಿ ಬೀಳುವುವೆಂದು ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಕ್ಯಾರೆನ್ ಅಡಾಲ್ಫ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದರು.

ಇದಕ್ಕೆ ಬಹು ಹಿಂದೆಯೇ, ಹಂಗೆರಿಯ ಶಿಶುವೈದ್ಯೆ ಎಮ್ಮಿ ಪಿಕ್ಲರ್ 1946ರಲ್ಲಿ ಬುಡಾಪೆಸ್ಟಿನ ಲೋತ್ಸಿ ಬೀದಿಯಲ್ಲಿ ಸ್ಥಾಪಿಸಿದ ಶಿಶುಗೃಹದಲ್ಲಿ, ಮಗುವು ಸ್ವಪ್ರಯತ್ನದಿಂದ ತಲುಪಲಾರದ ಭಂಗಿಯಲ್ಲಿ ಅದನ್ನು ಯಾರೂ ಇರಿಸಬಾರದೆಂಬ ನಿಯಮವಿದ್ದಿತು: ಕೂರಲಾರದುದನ್ನು ದಿಂಬಿಗೆ ಆನಿಸಿ ಕೂರಿಸುವಂತಿಲ್ಲ, ನಡೆಯಲಾರದುದನ್ನು ಕೈಹಿಡಿದು ನಡೆಸುವಂತಿಲ್ಲ. ಬದಲಾಗಿ ತಗ್ಗಾದ ಮೆಟ್ಟಿಲು, ಇಳಿಜಾರು ಹಲಗೆ, ಹತ್ತಲು ಮರದ ಚೌಕಟ್ಟು, ಮತ್ತು ಯಥೇಚ್ಛವಾದ ಕಾಲಾವಕಾಶ. ಮೆಟ್ಟಿಲ ಅಂಚಿಗೆ ಬಂದ ಕೂಸು ಕ್ಷಣಕಾಲ ತಡೆದು, ಹೊಟ್ಟೆಯ ಮೇಲೆ ಮಗುಚಿ, ಕಾಲ್ಬೆರಳಿನಿಂದ ಕೆಳಗಿನ ನೆಲವನ್ನು ತಡವುತ್ತ ಹಿಮ್ಮುಖವಾಗಿ ಇಳಿಯುವ ಉಪಾಯವನ್ನು ತಾನೇ ಕಂಡುಕೊಳ್ಳುವುದುಂಟು. ಆ ಆಲೋಚನೆಯ ನಡುವೆ ನಾವು ಧಾವಿಸಿ ಅದನ್ನು ಎತ್ತಿಕೊಳ್ಳುವುದು ಮಮತೆಯಿಂದಲೇ ಆದರೂ, ಮಗುವಿನ ಪಾಲಿಗೆ ನಷ್ಟವೇ ಸರಿ. ಸಮೀಪದಲ್ಲಿದ್ದು, ಎಚ್ಚರದಿಂದ ನೋಡುತ್ತಿದ್ದರೆ ಸಾಕು.

ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ವಿವಿಧ ದೈಹಿಕ ಚಟುವಟಿಕೆ ಅವಶ್ಯವೆಂದೂ, ತಳ್ಳುಗಾಡಿ ಮೊದಲಾದವುಗಳಲ್ಲಿ ಒಂದು ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿದೆ.