ಮಾಸ್ತಿಯೂ ಮಾಜುವೂ: ಕುಂದಾಪುರದ ಕಡಲಕರೆಯ ಮಾತೃದೇವತೆಯ ವಿಚಾರ

ಬ್ರಹ್ಮಾವರದಿಂದ ಕುಂದಾಪುರವನ್ನು ಹಾದು ಬೈಂದೂರಿನವರೆಗೆ ಪಶ್ಚಿಮಸಮುದ್ರದ ಅಂಚಿನಲ್ಲಿ ನೆಲಸಿರುವ ಮೀನುಗಾರರಲ್ಲಿ ಅಮ್ಮನವರ ಆರಾಧನೆಯು ಎಷ್ಟು ಬಲವಾದುದೆಂಬುದನ್ನು ಆ ಸೀಮೆಯನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. ಚೀನದೇಶದ ಆಗ್ನೇಯ ತೀರದ ಮೀನುಗಾರರಲ್ಲಿಯೂ ಮಾಜು ಎಂಬ ಕಡಲದೇವಿಯ ಉಪಾಸನೆಯು ಸುಮಾರು ಸಾವಿರ ವರ್ಷಗಳಿಂದ ನಡೆದುಬಂದಿದೆ. ಈ ಎರಡರ ಹೋಲಿಕೆಯನ್ನು ಕಂಡವರಿಗೆ, ನಮ್ಮ ಕರಾವಳಿಯ ಅಮ್ಮನವರು ಚೀನದ ನಾವಿಕರೊಡನೆ ಬಂದವರೇ ಎಂಬ ಸಂಶಯವು ಹುಟ್ಟುವುದು ಸಹಜ. ಮಾಸ್ತಿ, ಮಾಜು ಎಂಬ ಹೆಸರುಗಳ ಧ್ವನಿಸಾಮ್ಯವೂ ಆ ಸಂಶಯಕ್ಕೆ ಇಂಬುಗೊಡುವಂತಿದೆ. ಇತಿಹಾಸ, ಶಬ್ದ, ಆಚಾರ ಎಂಬ ಮೂರು ಪ್ರಮಾಣಗಳಿಂದ ಇದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ಮಾಜುವಿನ ವೃತ್ತಾಂತವನ್ನು ನೋಡೋಣ. ಚೀನೀಯರ ಐತಿಹ್ಯದಂತೆ ಆಕೆಯು ಫ಼ೂಚಿಯನ್ ಪ್ರಾಂತದ ಮೇಜೋ ಎಂಬ ದ್ವೀಪದಲ್ಲಿ ಲಿನ್ ಎಂಬ ಮನೆತನದಲ್ಲಿ ಕ್ರಿ. ಶ. 960ರಲ್ಲಿ ಹುಟ್ಟಿದಳು. ಹುಟ್ಟಿದಾಗ ಅಳಲಿಲ್ಲವಾದುದರಿಂದ ಆಕೆಗೆ ಮೌನಿ ಎಂಬರ್ಥದ 'ಮೋ' ಎಂಬ ಹೆಸರಾಯಿತೆಂದು ಹೇಳುವರು. ತಂದೆಯೂ ಅಣ್ಣಂದಿರೂ ಬಿರುಗಾಳಿಗೆ ಸಿಕ್ಕಿದಾಗ ಆಕೆಯು ಮನೆಯಲ್ಲಿಯೇ ಸಮಾಧಿಸ್ಥಿತಿಯಲ್ಲಿದ್ದು ಅವರನ್ನು ಕಾಯುತ್ತಿದ್ದಳೆಂದೂ, ತಾಯಿಯು ಗಾಬರಿಯಿಂದ ಎಚ್ಚರಿಸಿದುದರಿಂದ ಒಬ್ಬನು ಕೈತಪ್ಪಿ ಹೋದನೆಂದೂ ಕಥೆಯುಂಟು. 987ರಲ್ಲಿ, ಅವಿವಾಹಿತೆಯಾಗಿಯೇ, ಆಕೆಯು ದೇಹವನ್ನು ಬಿಟ್ಟಳು. ಆಮೇಲೆ ಊರವರು ಆಕೆಗೆ ಗುಡಿಯನ್ನು ಕಟ್ಟಿದರು.

ಇಷ್ಟು ಜನರ ಮಾತು, ಮುಂದಿನದು ಅರಸರದು. ಕೊರಿಯಾದೇಶಕ್ಕೆ ಹೋದ ರಾಜದೂತನ ಹಡಗು ಆಕೆಯ ಕೃಪೆಯಿಂದ ಉಳಿಯಿತೆಂದು ಸೋಂಗ್ ಚಕ್ರವರ್ತಿಯು 1123ರಲ್ಲಿ ಆ ಗುಡಿಗೆ ರಾಜಮುದ್ರೆಯ ನಾಮಫಲಕವನ್ನು ದಯಪಾಲಿಸಿದನು. ಯುವಾನ್ ವಂಶದ ಕುಬ್ಲಾಯಿಖಾನನು 1281ರಲ್ಲಿ 'ಸ್ವರ್ಗದ ರಾಜಪತ್ನಿ' ಎಂಬ ಬಿರುದನ್ನು ಕೊಟ್ಟನು. ಚಿಂಗ್ ವಂಶದವರ ಕಾಲದಲ್ಲಿ ಆಕೆಯು 'ಸ್ವರ್ಗದ ಮಹಾರಾಣಿ'ಯಾದಳು. ಬೆಸ್ತರ ಹುಡುಗಿಯೊಬ್ಬಳು ಹೀಗೆ ಮೆಟ್ಟಲು ಮೆಟ್ಟಲಾಗಿ ಸಾಮ್ರಾಜ್ಞೀಪದವಿಗೆ ಏರಿದುದು ಲಕ್ಷ್ಯವಿಡತಕ್ಕ ಸಂಗತಿ. ಈ ಉಪಾಸನೆಯನ್ನು 2009ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿದೆ.

ಈ ದೇವಿಯು ನಮ್ಮ ತೀರಕ್ಕೆ ಬರಲು ದಾರಿಯಿದ್ದಿತೇ? ಚೀನದ ವಸ್ತುಗಳು ಭಾರತಕ್ಕೆ ಬಹುಕಾಲದಿಂದ ಬರುತ್ತಿದ್ದುದು ನಿಸ್ಸಂದೇಹ. ಶಾಕುಂತಲದ ಪ್ರಥಮಾಂಕದಲ್ಲಿಯೇ ಚೀನಾಂಶುಕ ಶಬ್ದವು ಪ್ರಯೋಗಿಸಲ್ಪಟ್ಟಿದೆ. ಆದರೆ ವಸ್ತುಗಳು ಬಂದ ಮಾತ್ರಕ್ಕೆ ಅವುಗಳನ್ನು ಮಾಡಿದವರೂ ಬಂದರೆಂದು ಹೇಳಲಾಗದು. ಕೈಯಿಂದ ಕೈಗೆ ದಾಟುತ್ತ ಬರುವುದು ಸರಕಿನ ಸ್ವಭಾವ. 14ನೆಯ ಶತಮಾನದಲ್ಲಿ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತನು ಬಾರಕೂರನ್ನು ಫಾಕನೂರೆಂದು ಕರೆದು ವರ್ಣಿಸಿದ್ದಾನೆ. ಚೀನದ ಹಡಗುಗಳ ವಿಷಯದಲ್ಲಿ ಅವನು ಸ್ಪಷ್ಟವಾಗಿ ಹೇಳುವುದೇನೆಂದರೆ, ಅವು ಕೊಲ್ಲಂ, ಕೋಳಿಕ್ಕೋಡು, ಹೀಲಿ ಎಂಬ ಮೂರು ರೇವುಗಳನ್ನು ಮಾತ್ರ ಪ್ರವೇಶಿಸುತ್ತವೆ ಎಂಬುದು. ಹೀಲಿಯೆಂದರೆ ಕಣ್ಣೂರಿನ ಉತ್ತರಕ್ಕಿರುವ ಏಳಿಮಲೆಯ ರೇವು. ಬಾರಕೂರು, ಬಸರೂರುಗಳು ಅದಕ್ಕೂ ಉತ್ತರದಲ್ಲಿವೆ. 1405ರಿಂದ 1433ರವರೆಗೆ ಏಳು ಸಲ ಪಶ್ಚಿಮಸಮುದ್ರಯಾತ್ರೆಯನ್ನು ಕೈಕೊಂಡ ಜೆಂಗ್ ಹೆ ಎಂಬ ನೌಕಾಧಿಪತಿಗೂ ಈ ತೀರದಲ್ಲಿ ಮುಖ್ಯವಾದ ತಂಗುದಾಣವು ಕೋಳಿಕ್ಕೋಡೇ. ಅವನು ಮಾಜುವಿನ ಪರಮಭಕ್ತನು. ಬಿರುಗಾಳಿಯ ನಡುವೆ ಪಾಯಿಮರದ ತುದಿಯಲ್ಲಿ ದೇವಿಯ ದೀಪವು ಬೆಳಗಿದೊಡನೆ ಅಪಾಯವು ಶಾಂತವಾಯಿತೆಂಬ ಅಭಿಪ್ರಾಯವನ್ನು 1431ರಲ್ಲಿ ಚಾಂಗ್ಲೆ ಎಂಬಲ್ಲಿ ಶಿಲೆಯಲ್ಲಿ ಕೆತ್ತಿಸಿದ್ದಾನೆ.

ಇದಕ್ಕೆ ಪೋಷಕವಾದ ಇನ್ನೊಂದು ಯುಕ್ತಿಯುಂಟು. ಹೊರನಾಡಿನವರ ಸಂಪರ್ಕವು ನಿಜವಾಗಿ ದೃಢವಾಗಿದ್ದಲ್ಲಿ ನಮ್ಮ ಕಡಲಿಗರು ಅದನ್ನು ಮರೆಯಿಸಿದವರಲ್ಲ. ಮೊಗವೀರರು ಭಯಭಕ್ತಿಯಿಂದ ನಂಬುವ ಬೊಬ್ಬರ್ಯ ದೈವವನ್ನೇ ನೋಡಬಹುದು. ತುಳು ಪಾಡ್ದನಗಳು ಆ ವೀರನಿಗೆ ಮುಸಲ್ಮಾನ ವರ್ತಕಕುಲದ ಸಂಬಂಧವನ್ನು ಸಂಕೋಚವಿಲ್ಲದೆ ಹೇಳುತ್ತವೆ. ಅರಬರೊಡನೆ ನಡೆದ ವ್ಯಾಪಾರದ ನೆನಪು ಹೀಗೆ ದೈವದ ಹುಟ್ಟಿನ ಕಥೆಯಲ್ಲಿಯೇ ಉಳಿದಿರುವಾಗ, ಚೀನದ ನೆನಪು ಇದ್ದಿದ್ದರೆ ಅದೂ ಯಾವುದಾದರೊಂದು ಹೆಸರಿನಲ್ಲಿ ಅಥವಾ ಕಥೆಯಲ್ಲಿ ಉಳಿಯಬೇಕಾಗಿದ್ದಿತು. ಅಮ್ಮನವರ ಹೆಸರಿನಲ್ಲಿ ಅಂತಹ ಗುರುತು ಕಾಣದು.

ಇನ್ನು ಶಬ್ದವಿಚಾರ. ಬ್ರಹ್ಮಾವರದ ಸಮೀಪದಲ್ಲಿ, ಬಾರಕೂರಿನ ಬೆಣ್ಣೆಕುದ್ರುವಿನಲ್ಲಿ, ಮೊಗವೀರರ ಕುಲದೇವಿಯ ಸ್ಥಾನವಿದೆ. ಕುದ್ರು ಎಂದರೆ ನದಿಯ ನಡುವಣ ನಡುಗಡ್ಡೆ. ದೇವಿಯ ಹೆಸರು ಈಗ 'ಕುಲಮಹಾಸ್ತ್ರೀ ಅಮ್ಮನವರು' ಎಂದು ಬರೆಯಲ್ಪಡುತ್ತದೆ. 'ಮಹತೀ ಚ ಸಾ ಸ್ತ್ರೀ ಚ' ಎಂದು ವಿಗ್ರಹಮಾಡಿದರೆ ಮಹಾಸ್ತ್ರೀ ಎಂಬ ಕರ್ಮಧಾರಯವು ಸಾಧುವೇ ಸರಿ. ಆದರೆ ದೇವೀನಾಮವಾಗಿ ಆ ಪದವು ಸಂಸ್ಕೃತದಲ್ಲಿ ಪ್ರಸಿದ್ಧವಲ್ಲ. ಕನ್ನಡನಾಡಿನಲ್ಲಿ ಪ್ರಸಿದ್ಧವಾದುದು 'ಮಾಸ್ತಿ' ಎಂಬುದು. ಕುಂದಾಪುರದ ಸೀಮೆಯಲ್ಲಿ ಮಾಸ್ತಿಯಮ್ಮನ ಹೆಸರು ಕೇಳದವರಿಲ್ಲ. ಮಹಾಸತಿ ಎಂಬಲ್ಲಿಯ ಹಕಾರವು ಲೋಪವಾಗಿ, ಸಕಾರದ ಮೇಲಿನ ಸ್ವರವೂ ಲೋಪವಾಗಿ, ಮಾಸತಿ, ಮಾಸ್ತಿ ಎಂದಾಯಿತು. ಮಾಸ್ತಿಕಲ್ಲುಗಳೇ ಇದಕ್ಕೆ ಸಾಕ್ಷಿ. ಕುಲಮಾಸ್ತಿ ಎಂಬ ಲೋಕರೂಢಿಯ ಹೆಸರನ್ನು ಮೂಲವು ಮರೆತ ಕಾಲದಲ್ಲಿ ಅಕ್ಷರಸ್ಥರು ತಿದ್ದಹೋಗಿ, 'ಮಾ' ಎಂಬುದನ್ನು 'ಮಹಾ' ಎಂದೂ 'ಸ್ತಿ' ಎಂಬುದನ್ನು 'ಸ್ತ್ರೀ' ಎಂದೂ ಮಾಡಿದರೆಂದು ಊಹಿಸುವುದೇ ಯುಕ್ತವಾಗಿ ತೋರುತ್ತದೆ. ಮಾಜು ಎಂಬಲ್ಲಿಯ 'ಮಾ' ಎಂಬುದಾದರೋ ಚೀನೀಭಾಷೆಯಲ್ಲಿ ತಾಯಿಯನ್ನು ಹೇಳುವ ಶಬ್ದ. ಆದುದರಿಂದ ಧ್ವನಿಸಾಮ್ಯವು ಕಾಕತಾಲೀಯವೇ ಹೊರತು ಬೇರಲ್ಲ.

ಆಚಾರದಲ್ಲಿಯೂ ಎಲ್ಲವೂ ಈ ನೆಲದ್ದೇ. ನೂಲಹುಣ್ಣಿಮೆಯ ದಿನ ಮೀನುಗಾರರು ಸಮುದ್ರಪೂಜೆಯನ್ನು ಮಾಡಿ ಹಾಲು, ಹೂವು, ತೆಂಗಿನಕಾಯಿಗಳನ್ನು ಕಡಲಿಗೆ ಅರ್ಪಿಸುತ್ತಾರೆ. ಮಳೆಗಾಲದ ಕಡಲು ತಣಿಯುವ ಕಾಲವದು. ಜೂನ್ 1ರಿಂದ ಜುಲಾಯಿ 31ರವರೆಗೆ 61 ದಿನ ಯಂತ್ರದೋಣಿಗಳಿಗೆ ಸರಕಾರದ ತಡೆಯಿರುವ ಇಂದಿನ ದಿನಗಳಲ್ಲಿಯೂ ಆ ಪದ್ಧತಿಯು ಬಿಟ್ಟುಹೋಗಿಲ್ಲ. ಬೈಂದೂರಿನ ಭಾಗದ ಮರವಂತೆಯಲ್ಲಿ ಸೌಪರ್ಣಿಕಾ ನದಿಯು ಕಡಲಿನ ಬಳಿಗೆ ಬಂದೂ ಸೇರದೆ ತಿರುಗಿ, ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರವನ್ನು ಕೂಡುತ್ತದೆ. ಅಲ್ಲಿಯ ಮಹಾರಾಜಸ್ವಾಮಿ ವರಾಹ ದೇವಸ್ಥಾನದಲ್ಲಿ ಕರ್ಕಾಟಕ ಅಮಾವಾಸ್ಯೆಯ ಜಾತ್ರೆಯಂದು ನದಿಯಲ್ಲಿಯೂ ಕಡಲಿನಲ್ಲಿಯೂ ಸ್ನಾನಮಾಡುವ ರೂಢಿಯಿದೆ. ಕುಂದಾಪುರದ ಕೊಂಕಣಿಮಾತಿನ ಖಾರ್ವಿಗಳು ಮಹಾಕಾಳಿಯನ್ನು ಪೂಜಿಸುತ್ತಾರೆ. ದಕ್ಷಿಣಕ್ಕೆ ಉಚ್ಚಿಲದಲ್ಲಿ ಮೊಗವೀರರು ಮಹಾಲಕ್ಷ್ಮಿಯನ್ನು ಆರಾಧಿಸುತ್ತಾರೆ. ಕ್ಷೀರಸಾಗರದಲ್ಲಿ ಹುಟ್ಟಿದ ಆ ದೇವಿಯು ಕಡಲನ್ನು ನಂಬಿದವರಿಗೆ ಮನೆಮಗಳೇ ಆಗಿದ್ದಾಳೆ.

ಹಾಗಾದರೆ ಹೋಲಿಕೆಯು ನಿರರ್ಥಕವೇ? ಅಲ್ಲ. ಸಂಬಂಧದ ಎಳೆಯೊಂದುಂಟು, ಆದರೆ ಅದು ಸಾಗಿದುದು ಇಲ್ಲಿಂದ ಅಲ್ಲಿಗೆ. ಸಮುದ್ರದಲ್ಲಿ ಮುಳುಗುವವರ ಕೂಗನ್ನು ಕೇಳಿ ರಕ್ಷಿಸುವವನೆಂದು ಸದ್ಧರ್ಮಪುಂಡರೀಕಸೂತ್ರವು ಅವಲೋಕಿತೇಶ್ವರನನ್ನು ಕೊಂಡಾಡುತ್ತದೆ. ಪ್ರಾಚೀನವಾದ ಪ್ರತಿಗಳಲ್ಲಿ ಆ ಹೆಸರು 'ಅವಲೋಕಿತಸ್ವರ' ಎಂದಿದೆ. ಚೀನೀಯರು ಅದನ್ನೇ 'ಧ್ವನಿಯನ್ನು ಅರಿಯುವವನು' ಎಂಬರ್ಥದಲ್ಲಿ ಕ್ವಾನ್‌ಯಿನ್ ಎಂದು ಭಾಷಾಂತರಿಸಿಕೊಂಡರು. ಕಾಲಕ್ರಮದಲ್ಲಿ ಆ ಬೋಧಿಸತ್ತ್ವನು ಅಲ್ಲಿ ಸ್ತ್ರೀರೂಪವನ್ನು ತಾಳಿದನು. ಮಾಜುವು ಕ್ವಾನ್‌ಯಿನ್ನಳ ಅನುಗ್ರಹದಿಂದ ಹುಟ್ಟಿದಳೆಂದು ಅನಂತರದ ಚೀನೀಕಥೆಗಳು ಹೇಳುತ್ತವೆ. ನಮ್ಮ ಕರಾವಳಿಯಲ್ಲಿಯೂ, ಮಂಗಳೂರಿನ ಕದ್ರಿಯ ವಿಹಾರದಲ್ಲಿ, ಆಳುಪ ಅರಸನಾದ ಕುಂದವರ್ಮನು ಲೋಕೇಶ್ವರನನ್ನು ಪ್ರತಿಷ್ಠಿಸಿದುದನ್ನು 968ರ ಶಾಸನವು ಹೇಳುತ್ತದೆ. ಚೀನೀ ಐತಿಹ್ಯದಂತೆ ಆಗ ಮೇಜೋ ದ್ವೀಪದ ಹುಡುಗಿಗೆ ಎಂಟು ವರ್ಷ.

ಇದಕ್ಕಿಂತಲೂ ಮುಖ್ಯವಾದುದು ಎರಡು ನಾಡುಗಳಲ್ಲಿಯೂ ನಡೆದ ನಾಮಾರೋಹಣ. ಮಾನುಷಿಯೊಬ್ಬಳು ಸತ್ತು ತನ್ನವರಿಗೆ ದೇವತೆಯಾಗುವಳು. ಆಮೇಲೆ ದೊಡ್ಡವರು ಆಕೆಗೆ ದೊಡ್ಡ ಹೆಸರನ್ನು ಇಡುವರು. ಚೀನದಲ್ಲಿ ಆ ಕೆಲಸವನ್ನು ಅರಸರ ಬಿರುದುಗಳು ಮಾಡಿದುವು. ನಮ್ಮಲ್ಲಿ ಪಂಡಿತರ ಸಂಸ್ಕೃತವು ಮಾಡಿತು. ಕುಲಮಾಸ್ತಿ ಎಂಬ ಹೆಸರಿನಲ್ಲಿ ಒಂದು ಕುಲವೂ, ಆ ಕುಲದಲ್ಲಿ ಬಾಳಿ ಸತ್ತ ಒಬ್ಬ ಹೆಂಗಸೂ ಇದ್ದಾರೆ. ಮಹಾಸ್ತ್ರೀ ಎಂದೊಡನೆ ಆ ಹೆಂಗಸು ಮರೆಯಾಗುತ್ತಾಳೆ. ಚೀನದಿಂದ ಬಂದವಳೆಂದರೆ ಇನ್ನೂ ದೂರವಾಗುತ್ತಾಳೆ.

ಈ ವಿಷಯದಲ್ಲಿ ಚೀನೀಯರಿಗೆ ನಮಗಿಂತ ಹೆಚ್ಚಿನ ಎಚ್ಚರವಿದ್ದಂತೆ ಕಾಣುತ್ತದೆ. 18ನೆಯ ಶತಮಾನದ ಜಾವೊ ಯಿ ಎಂಬ ವಿದ್ವಾಂಸನು ನಾವಿಕರ ನಂಬಿಕೆಯೊಂದನ್ನು ಬರೆದಿಟ್ಟಿದ್ದಾನೆ. ಅಪಾಯಕಾಲದಲ್ಲಿ ಬಿರುದಿನಿಂದ ಕರೆದರೆ ದೇವಿಯು ಕಿರೀಟವನ್ನಿಟ್ಟು ರಾಜವೇಷವನ್ನು ಧರಿಸಿ ಬರಬೇಕಾದುದರಿಂದ ತಡವಾಗುವುದಂತೆ. ಮಾಜು ಎಂದು ಕರೆದರೆ ಉಟ್ಟ ಬಟ್ಟೆಯಲ್ಲಿಯೇ, ಕೆದರಿದ ಕೂದಲಿನಲ್ಲಿಯೇ ಓಡಿಬರುವಳಂತೆ. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿಯು ಅಲೆಗೆ ಸಿಕ್ಕಿದಾಗಲೂ ಬಾಯಿಗೆ ಬರುವುದು 'ಅಮ್ಮಾ' ಎಂಬ ಎರಡಕ್ಷರವೇ ಹೊರತು ಸಮಾಸಪದವಲ್ಲ.

ಸಂಸ್ಕೃತವನ್ನು ಓದಿದ ನಮ್ಮಂತಹವರು ಹೆಸರುಗಳನ್ನು ಶುದ್ಧಿಮಾಡುವ ಉತ್ಸಾಹವನ್ನು ಈ ಎಡೆಯಲ್ಲಿ ಹಿಡಿದಿಡಬೇಕು. ಗುಡಿಗಳು ಜೀರ್ಣೋದ್ಧಾರವಾದಂತೆಲ್ಲ ಹೊಸ ಫಲಕಗಳ ಮೇಲೆ ಹೊಸ ಹೆಸರುಗಳು ಬರುತ್ತಿವೆ. ಕರಾವಳಿಯ ಶಾಲೆಗಳಲ್ಲಿರುವ ಕನ್ನಡ ಅಧ್ಯಾಪಕರು ತಮ್ಮ ಊರಿನ ಅಮ್ಮನವರನ್ನು ಮುದುಕಿಯರು ಯಾವ ಹೆಸರಿನಿಂದ ಕರೆಯುತ್ತಾರೆಂಬುದನ್ನು, ಅವರು ಉಚ್ಚರಿಸುವಂತೆಯೇ, ಒಂದಕ್ಷರವನ್ನೂ ತಿದ್ದದೆ ಬರೆದಿಡುವುದಾದರೆ, ಈ ದೇವಿಯರ ಚರಿತ್ರೆಯನ್ನು ಬರೆಯತಕ್ಕವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.