ಚಿತ್ರ ಬರೆದವರ ಹೆಸರೆಲ್ಲಿ?

ಅಮೆರಿಕದಲ್ಲಿ ಹತ್ತು ಸೆಂಟ್ ಕೊಟ್ಟರೆ ಒಂದು ಕಾಮಿಕ್ಸ್ ಪುಸ್ತಕ ಸಿಗುತ್ತಿದ್ದ ಕಾಲವದು. ಪ್ರತಿ ತಿಂಗಳು ಡೊನಾಲ್ಡ್ ಡಕ್ ಕಥೆಗಾಗಿ ಕಾದು ಕೂರುತ್ತಿದ್ದ ಮಕ್ಕಳಿಗೆ ಒಂದು ವಿಷಯ ಯಾರೂ ಹೇಳದೆಯೇ ಗೊತ್ತಾಗಿತ್ತು. ಈ ಕಥೆಗಳನ್ನೆಲ್ಲ ಒಂದೇ ಕೈ ಬರೆದಿಲ್ಲ ಎಂಬುದೇ ಆ ವಿಷಯ. ಕೆಲವು ಕಥೆಗಳಲ್ಲಿ ಬಾತುಕೋಳಿಯ ಕಣ್ಣಿನಲ್ಲಿ ಸಿಟ್ಟು, ಆಸೆ, ನಾಚಿಕೆ ಎಲ್ಲವೂ ಕಾಣುತ್ತಿತ್ತು. ಹಿನ್ನೆಲೆಯ ಬೆಟ್ಟ, ಹಡಗು, ಹಾಳುಬಿದ್ದ ಊರುಗಳನ್ನು ನೋಡಿದರೆ ಬರೆದವರು ಅಲ್ಲಿಗೆ ಹೋಗಿ ಬಂದವರೇ ಇರಬೇಕು ಎನಿಸುತ್ತಿತ್ತು. ಹೆಸರು ಗೊತ್ತಿಲ್ಲದ ಆ ಕಲಾವಿದರಿಗೆ ಓದುಗರು ತಾವೇ ಒಂದು ಹೆಸರಿಟ್ಟುಕೊಂಡರು: ‘ಒಳ್ಳೆಯ ಚಿತ್ರಕಾರ’.

ಪುಸ್ತಕದ ಮುಖಪುಟದಲ್ಲಿ ಇದ್ದದ್ದು ವಾಲ್ಟ್ ಡಿಸ್ನಿ ಎಂಬ ಒಂದೇ ಹೆಸರು. ಒಳಪುಟಗಳಲ್ಲೂ ಬೇರೆ ಯಾರ ಹೆಸರಿಗೂ ಜಾಗವಿರಲಿಲ್ಲ.

ಆ ಒಳ್ಳೆಯ ಚಿತ್ರಕಾರ ಕಾರ್ಲ್ ಬಾರ್ಕ್ಸ್. 1901ರಲ್ಲಿ ಒರೆಗಾನ್ ರಾಜ್ಯದ ರೈತ ಕುಟುಂಬದಲ್ಲಿ ಹುಟ್ಟಿದವರು. ಕಿವಿ ಮಂದ. 1935ರಲ್ಲಿ ಡಿಸ್ನಿ ಸ್ಟುಡಿಯೋ ಸೇರಿ, 1942ರಲ್ಲಿ ಅದನ್ನು ಬಿಟ್ಟು, ಕ್ಯಾಲಿಫೋರ್ನಿಯಾದ ಸ್ಯಾನ್ ಜಸಿಂಟೋ ಕಡೆ ಕೋಳಿ ಸಾಕುತ್ತೇನೆಂದು ಹೋದವರು. ಅಲ್ಲಿಂದಲೇ ವೆಸ್ಟರ್ನ್ ಪಬ್ಲಿಷಿಂಗ್ ಕಂಪನಿಗೆ ಕಥೆ ಬರೆದು, ಚಿತ್ರ ಬರೆದು, ಅಂಚೆಯಲ್ಲಿ ಕಳಿಸತೊಡಗಿದರು. 1966ರಲ್ಲಿ ನಿವೃತ್ತರಾಗುವ ಹೊತ್ತಿಗೆ ಸುಮಾರು 500 ಕಥೆಗಳು, 6,000ಕ್ಕೂ ಹೆಚ್ಚು ಪುಟಗಳು ಅವರ ಕೈಯಿಂದ ಬಂದಿದ್ದವು. ಜಿಪುಣ ಕೋಟ್ಯಧಿಪತಿ ಅಂಕಲ್ ಸ್ಕ್ರೂಜ್ (1947), ಕಳ್ಳರ ಗುಂಪು ಬೀಗಲ್ ಬಾಯ್ಸ್ (1951), ತಲೆಹರಟೆ ವಿಜ್ಞಾನಿ ಗೈರೋ ಗಿಯರ್‌ಲೂಸ್ (1952), ಡಕ್‌ಬರ್ಗ್ ಎಂಬ ಊರು, ಇವೆಲ್ಲ ಬಾರ್ಕ್ಸ್ ಸೃಷ್ಟಿ. 1990ರ ದಶಕದಲ್ಲಿ ಭಾನುವಾರಗಳಂದು ದೂರದರ್ಶನದ ಮುಂದೆ ಕೂತು ‘ಡಕ್ ಟೇಲ್ಸ್’ ನೋಡಿದ ನಮ್ಮ ಮಕ್ಕಳಿಗೂ ಸ್ಕ್ರೂಜ್ ಚಿರಪರಿಚಿತ. ಅವನನ್ನು ಹುಟ್ಟಿಸಿದವರು ಯಾರು ಎಂದು ಕೇಳಿದ್ದರೆ ನಾವೂ ಡಿಸ್ನಿ ಎಂದೇ ಹೇಳುತ್ತಿದ್ದೆವು.

ಕಂಪನಿ ಹೇಳದ ಹೆಸರನ್ನು ಕೊನೆಗೆ ಹುಡುಕಿ ತೆಗೆದವರು ಓದುಗರು. 1960ರಲ್ಲಿ ಜಾನ್ ಸ್ಪೈಸರ್ ಮತ್ತು ಬಿಲ್ ಸ್ಪೈಸರ್ ಸಹೋದರರು ಬೆನ್ನುಬಿಡದೆ ಕೇಳಿ, ಹೆಸರು ವಿಳಾಸ ಪಡೆದು, ಬಾರ್ಕ್ಸ್‌ಗೆ ಪತ್ರ ಬರೆದರು. ತಮ್ಮ ಕೆಲಸವನ್ನು ಮೆಚ್ಚಿ ಬಂದ ಆ ಪತ್ರವನ್ನು ಬಾರ್ಕ್ಸ್ ಮೊದಲಿಗೆ ನಂಬಲಿಲ್ಲ, ಯಾರೋ ಗೆಳೆಯರ ಕೀಟಲೆ ಎಂದುಕೊಂಡರು. ಆಗ ಅವರ ವಯಸ್ಸು ಅರವತ್ತರ ಹತ್ತಿರ. ಲಕ್ಷಾಂತರ ಮನೆಗಳಲ್ಲಿ ಓದಿಸಿಕೊಂಡ ಲೇಖಕನೊಬ್ಬ ತನಗೆ ಓದುಗರಿದ್ದಾರೆ ಎಂಬುದನ್ನೇ ನಂಬಲಾರದೆ ಹೋದದ್ದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಸಂಗತಿಯಾಗಿ ಕಾಣುತ್ತದೆ. ಹೆಸರು ಮುಚ್ಚಿಟ್ಟರೆ ಕೀರ್ತಿಯೊಂದೇ ತಪ್ಪುವುದಿಲ್ಲ, ಓದುಗರ ಪ್ರೀತಿಯೂ ಬರೆದವರ ಮನೆಯ ದಾರಿ ಕಾಣದೆ ಉಳಿಯುತ್ತದೆ.

ಅಲ್ಲಿಂದ ಮುಂದಿನದು ಮರುಮುದ್ರಣದ ಕಥೆ. 1983ರಲ್ಲಿ ‘ಅನದರ್ ರೇನ್‌ಬೋ’ ಎಂಬ ಸಣ್ಣ ಪ್ರಕಾಶನ ಸಂಸ್ಥೆ ‘ಕಾರ್ಲ್ ಬಾರ್ಕ್ಸ್ ಲೈಬ್ರರಿ’ಯನ್ನು ತರಲು ಶುರುಮಾಡಿತು. 1990ರ ಹೊತ್ತಿಗೆ ಮೂರು ಮೂರು ಸಂಪುಟಗಳ ಹತ್ತು ಕಂತು, ಒಟ್ಟು ಮೂವತ್ತು ದೊಡ್ಡ ಪುಸ್ತಕಗಳು ಬಂದವು. ಕಥೆಗಳು ಹೆಚ್ಚಾಗಿ ಕಪ್ಪುಬಿಳುಪಿನಲ್ಲೇ ಇದ್ದವು. ಅಗ್ಗದ ಕಾಗದದ ಮೇಲೆ ಚುಕ್ಕೆ ಬಣ್ಣ ಮೆತ್ತಿಕೊಂಡು ಬಂದಿದ್ದ ಚಿತ್ರಗಳಲ್ಲಿ ಬಾರ್ಕ್ಸ್ ಅವರ ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಮೊದಲ ಸಲ ಕಣ್ಣಿಗೆ ಬಿತ್ತು. ಪುಸ್ತಕದ ಹೆಸರಿನಲ್ಲೇ ಕಲಾವಿದನ ಹೆಸರಿತ್ತು. 2011ರಿಂದ ಫ್ಯಾಂಟಾಗ್ರಾಫಿಕ್ಸ್ ಸಂಸ್ಥೆ ಬಣ್ಣದಲ್ಲಿ ಸಮಗ್ರ ಮಾಲಿಕೆಯನ್ನು ತರತೊಡಗಿತು. ಮೊದಲು ಹೊರಬಂದ ಸಂಪುಟ ‘ಲಾಸ್ಟ್ ಇನ್ ದಿ ಆಂಡೀಸ್’. ಮೂಲದಲ್ಲಿ ಅದು 1949ರ ಕಥೆ. ಮ್ಯೂಸಿಯಂನಲ್ಲಿ ಕಸ ಹೊಡೆಯುವ ಡೊನಾಲ್ಡ್‌ಗೆ ಚೌಕಾಕಾರದ ಮೊಟ್ಟೆಗಳು ಸಿಗುತ್ತವೆ, ಅವುಗಳ ಮೂಲ ಹುಡುಕುತ್ತಾ ಪೆರುವಿನ ಮಂಜು ಮುಸುಕಿದ ಕಣಿವೆಗೆ ಹೋಗುತ್ತಾನೆ, ಅಲ್ಲಿ ಮನೆ, ಕಲ್ಲು, ಕೋಳಿ, ಮನುಷ್ಯರು ಎಲ್ಲವೂ ಚೌಕ. ಬಾರ್ಕ್ಸ್ ಪೆರುವನ್ನು ನೋಡಿರಲಿಲ್ಲ. ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯ ಫೋಟೋಗಳನ್ನು ಮುಂದಿಟ್ಟುಕೊಂಡು ಕೂತಲ್ಲೇ ಲೋಕ ಸುತ್ತಿ ಬರುತ್ತಿದ್ದರು.

ಮರುಮುದ್ರಣ ಎಂದರೆ ಹಳೆಯ ಪುಟಗಳನ್ನು ಮತ್ತೆ ಅಚ್ಚುಹಾಕುವುದು ಎಂದಷ್ಟೇ ತಿಳಿದವರು ‘ಬ್ಯಾಕ್ ಟು ದಿ ಕ್ಲಾಂಡೈಕ್’ (1953) ಕಥೆಗೆ ಆದದ್ದನ್ನು ನೋಡಬೇಕು. ಚಿನ್ನದ ಬೇಟೆಯ ದಿನಗಳಲ್ಲಿ ಸ್ಕ್ರೂಜ್‌ನ ಚಿನ್ನದ ಗಟ್ಟಿಯನ್ನು ಗೋಲ್ಡಿ ಎಂಬ ಹೆಣ್ಣು ಲಪಟಾಯಿಸುತ್ತಾಳೆ. ಸ್ಕ್ರೂಜ್ ಸಾರಾಯಿ ಅಂಗಡಿಗೆ ನುಗ್ಗಿ ಹೊಡೆದಾಡಿ, ಅವಳನ್ನು ಹೊತ್ತೊಯ್ದು, ತನ್ನ ಗಣಿಯಲ್ಲಿ ಒಂದು ತಿಂಗಳು ದುಡಿಸುತ್ತಾನೆ. ಮಕ್ಕಳ ಪುಸ್ತಕಕ್ಕೆ ಇದು ಸಲ್ಲದು ಎಂದು ಸಂಪಾದಕರು ಆ ಪುಟಗಳನ್ನೇ ಕಿತ್ತುಹಾಕಿದರು. ಕಥೆಯ ಕೊನೆಯಲ್ಲಿ ಮುದುಕ ಸ್ಕ್ರೂಜ್ ಬೇಕೆಂದೇ ಸೋತು, ಹೂತಿಟ್ಟ ಚಿನ್ನ ಮುದುಕಿ ಗೋಲ್ಡಿಗೇ ಸಿಗುವಂತೆ ಮಾಡುತ್ತಾನೆ. ನಡುವಿನ ಪುಟಗಳಿಲ್ಲದೆ ಆ ಸೋಲಿನ ಹಿಂದಿನ ಮನಸ್ಸು ಓದುಗರಿಗೆ ತಿಳಿಯುವುದಾದರೂ ಹೇಗೆ? ಸುಮಾರು ಮೂರು ದಶಕಗಳ ನಂತರ ಮರುಮುದ್ರಣದ ಸಂಪಾದಕರು ಆ ಪುಟಗಳನ್ನು ಹುಡುಕಿ ಮತ್ತೆ ಸೇರಿಸಿದರು. ಬಾರ್ಕ್ಸ್ ಬರೆದ ಮೂಲ ಹಾಳೆಗಳಲ್ಲಿ ಬಹುಪಾಲನ್ನು ಪ್ರಕಾಶಕರೇ ನಾಶಮಾಡಿದ್ದರಿಂದ ಇಂಥ ಒಂದೊಂದು ಪುಟಕ್ಕೂ ಪತ್ತೇದಾರಿ ನಡೆಸಬೇಕಿತ್ತು. ಹೆಸರು ಕೊಡುವುದು, ಬರೆದದ್ದನ್ನು ಬರೆದಂತೆಯೇ ಕೊಡುವುದು, ಇವೆರಡೂ ಒಂದೇ ಗೌರವದ ಭಾಗ.

ಇಲ್ಲಿ ಇನ್ನೊಂದು ಹೆಸರನ್ನು ಹೇಳಲೇಬೇಕು. 1954ರಲ್ಲಿ ಬಾರ್ಕ್ಸ್ ಅವರನ್ನು ಮದುವೆಯಾದ ಗ್ಯಾರೇ ಸ್ವತಃ ಕಲಾವಿದೆ. ಮಾತಿನ ಗುಳ್ಳೆಗಳೊಳಗಿನ ಅಕ್ಷರ ಬರೆದವರು, ಕಪ್ಪು ತುಂಬಬೇಕಾದ ಜಾಗಗಳಿಗೆ ಶಾಯಿ ತುಂಬಿದವರು ಅವರು. ಕಾಮಿಕ್ಸ್ ಲೋಕದಲ್ಲಿ ಅಕ್ಷರ ಬರೆಯುವವರು, ಬಣ್ಣ ಹಾಕುವವರು ಇವತ್ತಿಗೂ ಕೊನೆಯ ಸಾಲಿನಲ್ಲೇ ಇದ್ದಾರೆ.

ಹೆಸರು ಸಿಕ್ಕಿತು, ಸರಿ. ಹಣ? ಬಾರ್ಕ್ಸ್‌ಗೆ ಸಿಗುತ್ತಿದ್ದದ್ದು ಪುಟಕ್ಕೆ ಇಷ್ಟು ಎಂಬ ಲೆಕ್ಕದ ಕೂಲಿ. ಅದೇ ಕಥೆ ಹತ್ತು ದೇಶಗಳಲ್ಲಿ ಹತ್ತು ಸಲ ಅಚ್ಚಾದರೂ ರಾಯಧನ ಎಂಬುದಿರಲಿಲ್ಲ. ಅವರ ಹಾದಿಯಲ್ಲೇ ನಡೆದ ಡಾನ್ ರೋಸಾ ಈ ಅನ್ಯಾಯವನ್ನು ಬಾಯಿಬಿಟ್ಟು ಹೇಳಿದರು. ಸ್ಕ್ರೂಜ್‌ನ ಇಡೀ ಬದುಕನ್ನು ಹನ್ನೆರಡು ಅಧ್ಯಾಯಗಳಲ್ಲಿ ಕಟ್ಟಿಕೊಟ್ಟ ರೋಸಾ ತಮ್ಮ ಕಥೆಗಳ ಮೊದಲ ಚಿತ್ರದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ, ಹುಲ್ಲಿನ ಎಸಳಿನಲ್ಲೋ ಬಟ್ಟೆಯ ಮಡಿಕೆಯಲ್ಲೋ, ನಾಲ್ಕು ಪುಟ್ಟ ಇಂಗ್ಲಿಷ್ ಅಕ್ಷರಗಳನ್ನು ಅಡಗಿಸಿಡುತ್ತಿದ್ದರು. ಅವು ಸೇರಿದರೆ ‘ಡಕ್’. ಬಿಡಿಸಿದರೆ, ಕೀನೋ ಕಡೆಯಿಂದ ಅಂಕಲ್ ಕಾರ್ಲ್‌ಗೆ ಅರ್ಪಣೆ. ಕೀನೋ ಎಂಬುದು ರೋಸಾ ಅವರ ಪೂರ್ಣ ಹೆಸರಿನಲ್ಲೇ ಇದೆ. ಹೆಸರಿಲ್ಲದೆ ದುಡಿದ ಗುರುವಿಗೆ ಶಿಷ್ಯನೊಬ್ಬ ಸಲ್ಲಿಸಿದ ಗೌರವ ಅದು.

ಯುರೋಪಿನಲ್ಲಿ ರೋಸಾ ಹೆಸರು ಹೊತ್ತ ದುಬಾರಿ ಸಂಗ್ರಹಗಳು ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೂ ಅವರಿಗೆ ಅದರಲ್ಲಿ ಪಾಲಿರಲಿಲ್ಲ. ಬೇರೆ ದಾರಿ ಕಾಣದೆ ಅವರು ತಮ್ಮ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಕಣ್ಣಿನ ತೊಂದರೆಯ ಜೊತೆಗೆ ಈ ಸಂಭಾವನೆ ಪದ್ಧತಿಯೂ ತಾವು ಚಿತ್ರ ಬರೆಯುವುದನ್ನು ನಿಲ್ಲಿಸಲು ಕಾರಣ ಎಂದು 2013ರಲ್ಲಿ ಬಹಿರಂಗವಾಗಿ ಬರೆದರು. ಮುಖಪುಟದಲ್ಲಿ ಕಲಾವಿದನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ, ಆ ಹೆಸರಿನ ಬಲದಿಂದಲೇ ಪುಸ್ತಕ ಮಾರಿ, ಅವನಿಗೆ ಬಿಡಿಗಾಸು ಕೊಡದಿರುವುದು ಹೆಸರು ಮರೆಮಾಚುವುದಕ್ಕಿಂತ ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ.

ಇದು ಬಾತುಕೋಳಿಗಳ ಲೋಕದ ಕಥೆ ಮಾತ್ರವಲ್ಲ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ 1938ರಲ್ಲಿ ಹಕ್ಕನ್ನೆಲ್ಲ ಮಾರಿದ್ದು 130 ಡಾಲರಿಗೆ. ಮುಂದೆ ಕೋರ್ಟಿಗೆ ಹೋದದ್ದಕ್ಕೆ ಅವರ ಹೆಸರೇ ಮಾಯವಾಯಿತು. ಅದು ಮರಳಿದ್ದು, ಜೊತೆಗೊಂದು ಪಿಂಚಣಿ ಗೊತ್ತಾದದ್ದು 1975ರಲ್ಲಿ, ಅದೂ ನೀಲ್ ಆಡಮ್ಸ್, ಜೆರ್ರಿ ರಾಬಿನ್‌ಸನ್ ಮೊದಲಾದ ಕಲಾವಿದರು ಬೀದಿಗಿಳಿದಂತೆ ಹೋರಾಡಿದ ಮೇಲೆ. ಬ್ಯಾಟ್‌ಮ್ಯಾನ್‌ಗೆ ಈಗಿನ ರೂಪ ಕೊಟ್ಟ ಬಿಲ್ ಫಿಂಗರ್ ಅವರಿಗೆ ಅಧಿಕೃತವಾಗಿ ಹೆಸರು ಸಂದದ್ದು 2015ರಲ್ಲಿ. ಅವರು ತೀರಿಕೊಂಡು ಆಗಲೇ 41 ವರ್ಷ ಕಳೆದಿತ್ತು.

ನಮ್ಮ ಕಡೆಯ ಲೆಕ್ಕವನ್ನೂ ನೋಡೋಣ. ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಶುರುಮಾಡಿದ ‘ಇಂದ್ರಜಾಲ್ ಕಾಮಿಕ್ಸ್’ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಫ್ಯಾಂಟಮ್‌ನನ್ನು ಮನೆಮನೆಗೆ ತಂದಿತು. ದಿನಪತ್ರಿಕೆಗಾಗಿ ಬರೆದ ಪಟ್ಟಿಗಳನ್ನು ಕತ್ತರಿಸಿ, ಜೋಡಿಸಿ ಪುಸ್ತಕದ ಪುಟಕ್ಕೆ ಹೊಂದಿಸಲಾಗುತ್ತಿತ್ತು. ಮೂಲದಲ್ಲಿ ಫ್ಯಾಂಟಮ್‌ನ ನಾಡಾಗಿದ್ದ ‘ಬಂಗಾಲ’ ಇಲ್ಲಿ ‘ಡೆಂಕಾಲಿ’ಯಾಯಿತು. ಫ್ಯಾಂಟಮ್ ಎಂದರೆ ಲೀ ಫಾಕ್ ಎನ್ನುವವರು ಹಲವರಿದ್ದಾರೆ. 1961ರಿಂದ 1994ರವರೆಗೆ ಅವನ ಚಿತ್ರ ಬರೆದ ಸೈ ಬ್ಯಾರಿ ಎಷ್ಟು ಜನಕ್ಕೆ ನೆನಪಿದ್ದಾರೆ? ಆ ಪುಸ್ತಕಗಳ ಕಣ್ಸೆಳೆಯುವ ಮುಖಪುಟಗಳನ್ನು ಚಿತ್ರಿಸಿದ ಗೋವಿಂದ್ ಬ್ರಹ್ಮಣಿಯಾ ಅವರ ಹೆಸರಂತೂ ಹಳೆಯ ಸಂಚಿಕೆ ಕೂಡಿಡುವ ಹವ್ಯಾಸಿಗಳ ಬಾಯಲ್ಲಷ್ಟೇ ಉಳಿದಿದೆ.

‘ಅಮರ ಚಿತ್ರಕಥೆ’ಯ ಬೇರು ನಮ್ಮ ನೆಲದಲ್ಲೇ ಇದೆ. 1960ರ ದಶಕದ ನಡುವಿನಲ್ಲಿ, ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಈ ಮಾಲಿಕೆ ಮೊದಲು ಬಂದದ್ದು ಕನ್ನಡದಲ್ಲಿ. ಪಾಶ್ಚಾತ್ಯ ಕಿನ್ನರ ಕಥೆಗಳ ಹತ್ತು ಪುಸ್ತಕಗಳು ಅವು. ಅದಕ್ಕೇ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ‘ಕೃಷ್ಣ’ಕ್ಕೆ ಹನ್ನೊಂದನೇ ಸಂಖ್ಯೆ ಸಿಕ್ಕಿತು. ‘ಅಂಕಲ್ ಪೈ’ ದೇಶಕ್ಕೆಲ್ಲ ಗೊತ್ತು, ಗೊತ್ತಿರಬೇಕಾದ ಹೆಸರೇ. ಆದರೆ ನಮ್ಮ ಮನಸ್ಸಿನಲ್ಲಿ ಆ ನೀಲಿ ಕೃಷ್ಣನನ್ನು ಕೂರಿಸಿದ ಕೈ ರಾಮ್ ವಾಯೀರ್ಕರ್ ಅವರದು. ‘ಟಿಂಕಲ್’ನ ಸುಪ್ಪಾಂಡಿಗೆ ಮುಖ ಕೊಟ್ಟವರೂ ಅವರೇ.

ಕಾನೂನು ಈ ವಿಷಯದಲ್ಲಿ ಕಲಾವಿದರ ಕೈಬಿಟ್ಟಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಕಲಂ ಪ್ರಕಾರ, ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ಕೃತಿ ತನ್ನದು ಎಂದು ಹೇಳಿಕೊಳ್ಳುವ, ಅದನ್ನು ವಿರೂಪಗೊಳಿಸಿ ತನ್ನ ಮಾನಕ್ಕೆ ಕುಂದು ತಂದರೆ ಪ್ರಶ್ನಿಸುವ ಅಧಿಕಾರ ಸೃಷ್ಟಿಸಿದವರಿಗೆ ಇದೆ. ವಿಜ್ಞಾನ ಭವನದ ತಮ್ಮ ಭಿತ್ತಿಶಿಲ್ಪವನ್ನು ಸರ್ಕಾರ ಕಿತ್ತು ಹಾಳುಗೆಡವಿದಾಗ ಶಿಲ್ಪಿ ಅಮರನಾಥ್ ಸೆಹಗಲ್ ಇದೇ ಕಲಂ ಹಿಡಿದು ಹೋರಾಡಿದರು. 2005ರಲ್ಲಿ ದೆಹಲಿ ಹೈಕೋರ್ಟ್ ಅವರ ಪರ ತೀರ್ಪಿತ್ತು 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಕಾಮಿಕ್ಸ್ ಬರೆಯುವವರು ಇಂಥ ಬಲ ತಮಗಿದೆಯೆಂದು ಕೇಳಿರುವುದೂ ಅಪರೂಪ. ಪುಟದ ಲೆಕ್ಕದಲ್ಲಿ ದುಡಿಯುವವರು ಕೆಲಸ ಕೊಟ್ಟವರ ಎದುರು ಕೋರ್ಟ್ ಮೆಟ್ಟಿಲು ಹತ್ತುವುದು ಸುಲಭವೂ ಅಲ್ಲ.

ಆದ್ದರಿಂದ ಹೊಣೆ ಪ್ರಕಾಶಕರದು. ಕನ್ನಡದ ವಾರಪತ್ರಿಕೆ, ಮಾಸಿಕಗಳಲ್ಲಿ ದಶಕಗಳಿಂದ ಬಂದ ಚಿತ್ರಕಥೆಗಳು ಇನ್ನೂ ಹಳೆಯ ಸಂಚಿಕೆಗಳಲ್ಲೇ ಮಲಗಿವೆ. ಅವನ್ನು ಪುಸ್ತಕವಾಗಿಸುವವರು ಕಥೆಗಾರರ ಹೆಸರಿನ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಚಿತ್ರಕಾರರ ಹೆಸರು ಹಾಕಲಿ. ಸಹಿಯಿಲ್ಲದ ಚಿತ್ರ ಯಾರದೆಂದು ಬಲ್ಲವರನ್ನು ಕೇಳಿ ತಿಳಿಯಲಿ. ವಿದೇಶಗಳಲ್ಲಿ ಓದುಗರೇ ಕೂಡಿ ಗೆರೆಯ ಗುಣ, ಕಿವಿ ಬೆರಳು ಬರೆಯುವ ರೀತಿ, ಅಕ್ಷರದ ಓಟ ಹಿಡಿದು ಸಾವಿರಾರು ಅನಾಮಧೇಯ ಪುಟಗಳ ಕಲಾವಿದರನ್ನು ಗುರುತಿಸಿದ್ದಾರೆ, ನಮ್ಮಲ್ಲೂ ಅಂಥ ಕಣ್ಣಿರುವವರು ಇದ್ದಾರೆ. ಪ್ರತಿ ಮುದ್ರಣಕ್ಕೂ ಒಂದು ಪಾಲು ಕಲಾವಿದರಿಗೆ, ಅವರಿಲ್ಲದಿದ್ದರೆ ಅವರ ಮನೆಯವರಿಗೆ ಹೋಗುವಂತೆ ಕರಾರಿನಲ್ಲೇ ಬರೆಯಲಿ.

ಬಾರ್ಕ್ಸ್ 2000ದ ಆಗಸ್ಟ್ 25ರಂದು, 99ನೇ ವಯಸ್ಸಿನಲ್ಲಿ ತೀರಿಕೊಂಡರು. ದೀರ್ಘಾಯುಷಿಯಾದ್ದರಿಂದ ತಮ್ಮ ಹೆಸರಿನ ಪುಸ್ತಕಗಳನ್ನು ಕಣ್ಣಾರೆ ಕಂಡರು. ಎಲ್ಲರಿಗೂ ಅಷ್ಟು ಆಯುಸ್ಸು ಇರುವುದಿಲ್ಲ. ಮುಂದಿನ ಸಲ ಮಕ್ಕಳಿಗೆಂದು ಹಳೆಯ ಚಿತ್ರಕಥೆಯ ಹೊಸ ಮುದ್ರಣವೊಂದನ್ನು ಕೊಳ್ಳುವಾಗ ಮೊದಲ ಪುಟ ತಿರುವಿ, ಚಿತ್ರ ಬರೆದವರ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಪ್ರಕಾಶಕರಿಗೆ ಒಂದು ಪತ್ರ ಬರೆದು ಕೇಳಿ. ಮುಂದಿನ ಮುದ್ರಣದಲ್ಲಿ ಅದನ್ನು ಸೇರಿಸಲು ಅವರಿಗೆ ಒಂದು ಸಾಲಿನ ಜಾಗ ಸಾಕು.